ಒಂದೇ ಪಾಪಕ್ಕೆ ಎಷ್ಟು ಸಲ ಕ್ಷಮೆ ಕೇಳಬೇಕು? ನಂಬಿಕೆ, ಗೀಳು, ಚಿಕಿತ್ಸೆ ಬಗ್ಗೆ ಒಂದು ಪ್ರಶ್ನೆ

ಅರೆನಿದ್ದೆ

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಕೇಳಬೇಕು ಅಂದುಕೊಂಡು ಸುಮ್ಮನಿದ್ದೆ, ಇವತ್ತು ಬರೆದೇ ಬಿಡುತ್ತೇನೆ.

ನಮ್ಮ ಪ್ರಾರ್ಥನಾ ಗುಂಪಿನಲ್ಲಿ ಒಬ್ಬಳು ಗೆಳತಿ ಇದ್ದಾಳೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಭಕ್ತಿ ಇರುವವಳು, ಸತ್ಯವೇದ ಚೆನ್ನಾಗಿ ಓದಿಕೊಂಡವಳು. ಈಗ ಕೆಲವು ತಿಂಗಳಿಂದ ಪ್ರಾರ್ಥನೆಗೆ ಕೂತರೆ ತಲೆಯಲ್ಲಿ ದೇವರ ಬಗ್ಗೆ ಹೊಲಸು ಮಾತು ಬರುತ್ತದಂತೆ. ಬೇಕು ಅಂತ ಅಲ್ಲ, ತಾನಾಗಿ ಬರುತ್ತದೆ. ಬಂದ ಕೂಡಲೇ ಪ್ರಾರ್ಥನೆ ಕೆಟ್ಟಿತು ಅಂತ ಮೊದಲಿನಿಂದ ಶುರು. ಮತ್ತೆ ಬರುತ್ತದೆ, ಮತ್ತೆ ಶುರು. ಪವಿತ್ರಾತ್ಮನನ್ನು ದೂಷಿಸಿದವರಿಗೆ ಎಂದಿಗೂ ಕ್ಷಮೆ ಇಲ್ಲ ಅಂತ ಮಾರ್ಕನ ಸುವಾರ್ತೆ 3ನೇ ಅಧ್ಯಾಯದಲ್ಲಿ ಇದೆಯಲ್ಲ, ಆ ಪಾಪ ಮಾಡಿಬಿಟ್ಟೆ ಅಂತ ಅವಳಿಗೆ ಖಾತ್ರಿ. ಪಾಸ್ಟರ್ ಹತ್ತಿರ ಹೋಗಿ ಅಳುತ್ತಾಳೆ. ಅವರು ಸಮಾಧಾನ ಹೇಳುತ್ತಾರೆ, ಮುಖ ಅರಳುತ್ತದೆ. ಸಂಜೆಯೊಳಗೆ ಮತ್ತೆ ಫೋನ್: "ನಾನು ಎಲ್ಲಾ ಹೇಳಲಿಲ್ಲ ಅನ್ನಿಸುತ್ತಿದೆ, ಆ ಕ್ಷಮೆ ಲೆಕ್ಕಕ್ಕೆ ಬರುತ್ತದಾ?"

ಗುಂಪಿನ ಹಿರಿಯರು ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು, ಉಪವಾಸ ಮಾಡು ಅನ್ನುತ್ತಾರೆ. ನಾನು ಮನೋವೈದ್ಯರ ಮಾತೆತ್ತಿದ್ದಕ್ಕೆ "ಮಾತ್ರೆ ನುಂಗಿ ಸೈತಾನನನ್ನು ಓಡಿಸುತ್ತೀಯಾ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಇದು ನಂಬಿಕೆಯ ಸಮಸ್ಯೆನಾ, ಕಾಯಿಲೆನಾ? ತಿಳಿದವರು ಹೇಳಿ.

ಸಾಸಿವೆಕಾಳು

ಮಗಳೇ, ನಿಮ್ಮ ಹಿರಿಯರು ಅಂದದ್ದರಲ್ಲಿ ತಪ್ಪೇನಿದೆ? ನಿಮ್ಮಲ್ಲಿ ಕಷ್ಟದಲ್ಲಿರುವವನು ಪ್ರಾರ್ಥಿಸಲಿ, ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೆಸಲಿ ಅಂತಲೇ ಯಾಕೋಬನ ಪತ್ರಿಕೆ 5ನೇ ಅಧ್ಯಾಯ ಹೇಳುವುದು. ಪ್ರಾರ್ಥನೆಯಿಂದ ಜನರ ಬದುಕು ತಿರುಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಡಾಕ್ಟರ್ ಬೇಡ ಅನ್ನುತ್ತಿಲ್ಲ. ಜ್ವರ ಬಂದರೆ ನಾನೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಆದರೆ ಮನಸ್ಸಿನ ವಿಷಯ ಬೇರೆ. ಕೌನ್ಸೆಲಿಂಗ್‌ಗೆ ಅಂತ ಹೋದವರಿಗೆ "ಈ ದೇವರು, ಪಾಪ ಎಲ್ಲಾ ಬಿಟ್ಟುಬಿಡಿ, ಹಗುರ ಆಗುತ್ತದೆ" ಅಂತ ಹೇಳಿ ಕಳಿಸಿದ ಉದಾಹರಣೆ ನನಗೆ ಗೊತ್ತು. ಅವಳ ನೋವಿನ ಜೊತೆ ಅವಳ ನಂಬಿಕೆಯನ್ನೂ ಕಿತ್ತು ಹಾಕಿದರೆ ಏನು ಉಳಿಯುತ್ತದೆ?

ನೀಲಿಶಾಯಿ

ಅಮ್ಮಾ, ನಿಮ್ಮ ಭಯ ಸುಳ್ಳಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಮನೋಚಿಕಿತ್ಸೆಯ ಕೆಲಸದಲ್ಲಿದ್ದೇನೆ, ಭಾನುವಾರ ಚರ್ಚಿಗೂ ಹೋಗುತ್ತೇನೆ. ನೋಡದೆ ಯಾರಿಗೂ ಇಂಥ ಕಾಯಿಲೆ ಅಂತ ಹೆಸರಿಡಲು ಆಗುವುದಿಲ್ಲ. ಆದರೆ ಅರೆನಿದ್ದೆ ಬರೆದದ್ದನ್ನು ಓದಿದರೆ ಈ ಕ್ಷೇತ್ರದ ಯಾರಿಗಾದರೂ ಮೊದಲು ಹೊಳೆಯುವುದು ಗೀಳು ಕಾಯಿಲೆ, ಅಂದರೆ ಓಸಿಡಿ. ಪದೇ ಪದೇ ಕೈ ತೊಳೆಯುವುದು, ಬೀಗ ಹಾಕಿದ್ದೇನಾ ಅಂತ ಮತ್ತೆ ಮತ್ತೆ ನೋಡುವುದು ಮಾತ್ರ ಓಸಿಡಿ ಅಂತ ತುಂಬ ಜನ ತಿಳಿದಿದ್ದಾರೆ. ಅದು ಧರ್ಮದ ವೇಷದಲ್ಲೂ ಬರುತ್ತದೆ. ಸೋಂಕಿನ ಭಯದ ಜಾಗದಲ್ಲಿ ಪಾಪದ ಭಯ, ಕೈ ತೊಳೆಯುವ ಜಾಗದಲ್ಲಿ ಕ್ಷಮೆ ಕೇಳುವುದು. ಒಳಗೆ ನಡೆಯುವುದು ಒಂದೇ.

ಹೊಲಸು ಯೋಚನೆ ಬರುವುದು ಕಾಯಿಲೆ ಅಲ್ಲ. ಅದು ಬಹುಮಟ್ಟಿಗೆ ಎಲ್ಲರಿಗೂ ಬರುತ್ತದೆ. 1978ರಲ್ಲಿ ರ‍್ಯಾಕ್‌ಮನ್ ಮತ್ತು ಡಿ ಸಿಲ್ವಾ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಯಾವ ಕಾಯಿಲೆಯೂ ಇಲ್ಲದ ಸಾಮಾನ್ಯ ಜನರನ್ನು ಈ ಬಗ್ಗೆ ಕೇಳಿದರು. ಹೆಚ್ಚಿನವರಿಗೆ ಇಂಥ ಬೇಡದ ಯೋಚನೆಗಳು ಬರುತ್ತಿದ್ದವು: ಯಾರಿಗೋ ಹೊಡೆಯುವುದು, ಅಸಹ್ಯದ್ದು, ದೇವದೂಷಣೆ, ಎಲ್ಲಾ ಇತ್ತು. ರೋಗಿಗಳ ಯೋಚನೆಗೂ ಇವರ ಯೋಚನೆಗೂ ವಿಷಯದಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ನಾವು "ಥೂ, ಇದೇನು" ಅಂತ ಮುಂದೆ ಹೋಗುತ್ತೇವೆ. ಗೀಳು ಇರುವವರು ಅಲ್ಲೇ ನಿಂತು, "ಇದು ನನ್ನ ಒಳಗಿಂದ ಬಂತು, ಹಾಗಾದರೆ ನಾನು ಎಂಥವಳು?" ಅಂತ ವಿಚಾರಣೆ ಶುರು ಮಾಡುತ್ತಾರೆ.

ಯೋಚನೆಯನ್ನು ತಡೆಯಲು ಹೋದರೆ ಇನ್ನೂ ಕಷ್ಟ. 1987ರಲ್ಲಿ ಡೇನಿಯಲ್ ವೆಗ್ನರ್ ಮಾಡಿದ ಪ್ರಯೋಗ ಕೇಳಿರಬಹುದು. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂತ ಜನರಿಗೆ ಹೇಳಿದರು. ಕರಡಿ ಬಂದೇ ಬಂತು, ತಡೆದವರಿಗೆ ಆಮೇಲೆ ಇನ್ನೂ ಜಾಸ್ತಿ ಬಂತು. ಈಗ ಕರಡಿಯ ಜಾಗದಲ್ಲಿ ದೇವದೂಷಣೆ ಇಡಿ. ತಡೆಯದಿದ್ದರೆ ನರಕ ಅನ್ನುವ ಭಯವನ್ನೂ ಸೇರಿಸಿ. ಆ ಹುಡುಗಿಯ ದಿನ ಹೇಗಿರುತ್ತದೆ ಅಂತ ಅಂದಾಜಾಗುತ್ತದೆ.

ಇನ್ನು ಕ್ಷಮೆ ಕೇಳುವುದು. ಯೋಚನೆ ಬಂತು, ಭಯವಾಯಿತು, ಕ್ಷಮೆ ಕೇಳಿದಳು, ಭಯ ಇಳಿಯಿತು. ಮಿದುಳು ಇದರಿಂದ ಕಲಿಯುವುದೇನು? "ಅಪಾಯ ನಿಜವಾಗಿಯೂ ಇತ್ತು, ಕ್ಷಮೆ ಕೇಳಿದ್ದಕ್ಕೇ ಬಚಾವಾದೆ." ಮುಂದಿನ ಸಲ ಎಚ್ಚರಿಕೆ ಗಂಟೆ ಇನ್ನೂ ಬೇಗ, ಇನ್ನೂ ಜೋರಾಗಿ ಹೊಡೆಯುತ್ತದೆ. ಸಿಕ್ಕ ಸಮಾಧಾನವೇ ಗೀಳಿಗೆ ಮೇವು. ಅದಕ್ಕೇ ನಿಮ್ಮ ಹಿರಿಯರು ಹೇಳಿದ "ಇನ್ನೂ ಜಾಸ್ತಿ ಪ್ರಾರ್ಥನೆ" ಇಲ್ಲಿ ಉಲ್ಟಾ ಹೊಡೆಯುತ್ತಿದೆ. ಪ್ರಾರ್ಥನೆ ಕೆಟ್ಟದ್ದು ಅಂತಲ್ಲ. ಅವಳು ಈಗ ಮಾಡುತ್ತಿರುವುದು ಪ್ರಾರ್ಥನೆಯಾಗಿ ಉಳಿದಿಲ್ಲ.

ಸುಮ್ನೆಓದೋನು

ಚೆನ್ನಾಗಿ ಹೇಳಿದಿರಿ. ಆದರೆ ನೀಲಿಶಾಯಿ ಮೇಡಂ, ಅರ್ಧಕ್ಕೇ ನಿಲ್ಲಿಸಿಬಿಟ್ಟಿರಿ. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ 1907ರಲ್ಲೇ ಇದನ್ನು ಬರೆದಿದ್ದಾನೆ. ಗೀಳು ಒಬ್ಬನ ಖಾಸಗಿ ಧರ್ಮ ಇದ್ದಹಾಗೆ, ಧರ್ಮ ಇಡೀ ಮನುಕುಲದ ಗೀಳು ಇದ್ದಹಾಗೆ ಅಂತ. ಅದೇ ಆಚರಣೆ, ಬಿಟ್ಟರೆ ಅದೇ ಭಯ, ತಪ್ಪಿಲ್ಲದೆ ಮಾಡಬೇಕು ಅನ್ನುವ ಅದೇ ಹಟ. ಆ ಹುಡುಗಿ ನಿಮ್ಮೆಲ್ಲರಿಗಿಂತ ಸ್ವಲ್ಪ ಪ್ರಾಮಾಣಿಕವಾಗಿದ್ದಾಳೆ, ಅಷ್ಟೇ. ನೀವು ನರಕ ಇದೆ ಅನ್ನುತ್ತೀರಿ, ಆಮೇಲೆ ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತೀರಿ. ಅವಳು ನೀವು ಹೇಳಿದ್ದನ್ನು ನಿಜ ಅಂತ ನಂಬಿದ್ದಾಳೆ.

ನಾನು ಚರ್ಚ್ ಬಿಟ್ಟು ವರ್ಷಗಳಾದವು. ಕೋಪದಿಂದ ಹೇಳುತ್ತಿಲ್ಲ.

ಮೇಣದಬತ್ತಿ

ಸ್ವಲ್ಪ ಕೋಪ ಇದೆ ಬಿಡಿ ಸರ್, ಪರವಾಗಿಲ್ಲ. "ನಂಬಿದ್ದಾಳೆ" ಅನ್ನುವ ಮಾತು ನನಗೂ ಚುಚ್ಚಿತು.

ನಾನು ಗುರುಮಠದಲ್ಲಿ, ಅಂದರೆ ಪಾದ್ರಿಗಳಾಗಲು ಓದುವ ಕಡೆ, ಕೆಲವು ವರ್ಷ ಓದಿ ಹೊರಬಂದವನು, ಚರ್ಚಿನ ಇತಿಹಾಸ ನನ್ನ ಹುಚ್ಚು. ಫ್ರಾಯ್ಡ್‌ಗೂ ಮುನ್ನೂರು ನಾನೂರು ವರ್ಷ ಮೊದಲೇ ಪಾಪನಿವೇದನೆ (ಮಾಡಿದ ಪಾಪವನ್ನು ಪಾದ್ರಿಗೆ ಹೇಳಿ ಕ್ಷಮೆ ಪಡೆಯುವುದು) ಕೇಳುತ್ತಿದ್ದ ಗುರುಗಳಿಗೆ ಈ ಸಂಕಟ ಗೊತ್ತಿತ್ತು. ಇಗ್ನೇಷಿಯಸ್ ಲೊಯೋಲ, ಯೇಸುಸಭೆ ಕಟ್ಟಿದವರು, ಅವರ ಕಥೆ ಕೇಳಿ. ಸೈನಿಕ, 1521ರಲ್ಲಿ ಪಾಂಪ್ಲೋನದ ಕದನದಲ್ಲಿ ಕಾಲು ಮುರಿದು ಮಲಗಿದ್ದಾಗ ಮನಸ್ಸು ತಿರುಗಿತು. ಹಿಂದಿನ ಪಾಪಗಳನ್ನೆಲ್ಲ ಬರೆದುಕೊಂಡು, ಮೂರು ದಿನ ಕೂತು ನಿವೇದನೆ ಮಾಡಿದರು. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಮನ್ರೇಸಾ ಅನ್ನುವ ಊರಿನಲ್ಲಿ ಇದ್ದಾಗ, ಏನೋ ಬಿಟ್ಟುಹೋಯಿತು, ಸರಿಯಾಗಿ ಹೇಳಲಿಲ್ಲ ಅನ್ನುವ ಕಾಟ ಶುರುವಾಯಿತು. ಮತ್ತೆ ನಿವೇದನೆ, ಮತ್ತೆ ಅನುಮಾನ. ಕೋಣೆಯಲ್ಲಿದ್ದ ಒಂದು ಗುಂಡಿಗೆ ಹಾರಿ ಸಾಯೋಣ ಅನ್ನಿಸುವವರೆಗೆ ಹೋಯಿತು.

ಆಗ ಅವರ ಗುರು, "ತೀರಾ ಸ್ಪಷ್ಟ ಇರುವುದನ್ನು ಬಿಟ್ಟು ಹಳೆಯದೇನೂ ಹೇಳಬೇಡ" ಅಂತ ಅಪ್ಪಣೆ ಮಾಡಿದರು. ಉಪಯೋಗಕ್ಕೆ ಬರಲಿಲ್ಲ, ಯಾಕೆಂದರೆ ಇಗ್ನೇಷಿಯಸ್‌ಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಒಂದು ವಾರ ಅನ್ನ ನೀರು ಬಿಟ್ಟು ಉಪವಾಸ ಕೂತರು. ಗುರು ಏನು ಮಾಡಿದರು? ಇನ್ನೂ ಒಂದು ವಾರ ಮಾಡು ಅನ್ನಲಿಲ್ಲ. ಉಪವಾಸ ಬಿಡು ಅಂದರು. ಕೊನೆಗೆ ಹಳೆಯ ಪಾಪಗಳನ್ನು ಇನ್ನು ಮುಂದೆ ನಿವೇದನೆ ಮಾಡುವುದಿಲ್ಲ ಅಂತ ಇಗ್ನೇಷಿಯಸ್ ತಾವೇ ನಿರ್ಧಾರ ಮಾಡಿದ ಮೇಲೆ ಬಿಡುಗಡೆ ಸಿಕ್ಕಿತು. ಇದನ್ನೆಲ್ಲ ತಮ್ಮ ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ.

ಪ್ರೊಟೆಸ್ಟಂಟ್ ಕಡೆಯವರು ನಗಬೇಡಿ. ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಲೂಥರ್ ಸನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ನಿವೇದನೆ ಮಾಡಿ ತಮ್ಮ ಹಿರಿಯ ಸ್ಟೌಪಿಟ್ಸ್‌ಗೆ ಸಾಕುಸಾಕು ಮಾಡಿದ್ದರು. ಇಂಗ್ಲೆಂಡಿನ ಪ್ರೊಟೆಸ್ಟಂಟ್ ಬೋಧಕ ಜಾನ್ ಬನ್ಯನ್ 1666ರಲ್ಲಿ ಬರೆದ ಆತ್ಮಕಥೆಯಲ್ಲಿ "ಕ್ರಿಸ್ತನನ್ನು ಮಾರಿಬಿಡು, ಮಾರಿಬಿಡು" ಅಂತ ತಲೆಯಲ್ಲಿ ಬಿಡದೆ ಕೊರೆಯುತ್ತಿದ್ದ ಮಾತನ್ನು ವಿವರಿಸಿದ್ದಾರೆ. ಅರೆನಿದ್ದೆಯವರ ಗೆಳತಿಯ ಕಥೆಯೇ ಅದು.

ಹಾಗಾಗಿ "ಇದಕ್ಕೆ ವೈದ್ಯರು ಯಾಕೆ" ಅನ್ನುವವರು ಸಂಪ್ರದಾಯ ಕಾಪಾಡುತ್ತಿಲ್ಲ. ಸಂಪ್ರದಾಯಕ್ಕೆ ಇದು ಗೊತ್ತಿತ್ತು, ನಾವು ಮರೆತಿದ್ದೇವೆ. ಇನ್ನೊಂದು ಮಾತು, ಸೈತಾನನ ವಿಷಯ ಬಂತಲ್ಲ. ಕಥೋಲಿಕ ಚರ್ಚಿನ 1614ರ ವಿಧಿಪುಸ್ತಕದಲ್ಲೇ ದೆವ್ವ ಬಿಡಿಸುವ ಗುರುವಿಗೆ ಮೊದಲ ಎಚ್ಚರಿಕೆ ಏನು ಗೊತ್ತಾ? ಒಬ್ಬರಿಗೆ ದೆವ್ವ ಹಿಡಿದಿದೆ ಅಂತ ಸುಲಭವಾಗಿ ನಂಬಬೇಡ. 1999ರಲ್ಲಿ ಅದನ್ನು ಪರಿಷ್ಕರಿಸಿದಾಗ ಮನಸ್ಸಿನ ಕಾಯಿಲೆಯನ್ನು ಬೇರೆಯಾಗಿ ಗುರುತಿಸುವ ಮಾತು ಇನ್ನೂ ಗಟ್ಟಿಯಾಯಿತು.

ಸುಮ್ನೆಓದೋನು

ಇತಿಹಾಸ ಚೆನ್ನಾಗಿದೆ. ಆದರೆ ಫ್ರಾಯ್ಡ್‌ಗೆ ಉತ್ತರ ಆಗಲಿಲ್ಲ. ಸಂತರಿಗೂ ಈ ಕಾಯಿಲೆ ಇತ್ತು ಅಂದರೆ ನನ್ನ ವಾದವೇ ಬಲವಾಯಿತು!

ನೀಲಿಶಾಯಿ

ಎರಡು ಮಾತು. ಗೀಳು ತನಗೆ ಸಿಕ್ಕಿದ ಬಟ್ಟೆ ಹಾಕಿಕೊಳ್ಳುತ್ತದೆ. ದೇವರನ್ನು ನಂಬದವರಿಗೂ ಬರುತ್ತದೆ, ಅವರಲ್ಲಿ ಅದು ರೋಗಾಣುವಿನ ಬಗ್ಗೆಯೋ, ಮಗುವಿಗೆ ತಾನೇ ಏನಾದರೂ ಮಾಡಿಬಿಟ್ಟರೆ ಅನ್ನುವ ಭಯವಾಗಿಯೋ ಬರುತ್ತದೆ. ಸುಮಾರಾಗಿ ನೂರಕ್ಕೆ ಇಬ್ಬರಿಗೆ ಜೀವನದಲ್ಲಿ ಯಾವಾಗಲಾದರೂ ಓಸಿಡಿ ಬರುತ್ತದೆ. ಒಬ್ಬರಿಗೆ ಯಾವುದು ತುಂಬ ಮುಖ್ಯವೋ ಅದನ್ನೇ ಗೀಳು ಹಿಡಿಯುತ್ತದೆ. ತಾಯಿಗೆ ಮಗು, ಭಕ್ತೆಗೆ ದೇವರು. ತಾಯಿಗೆ ಮಗುವಿನ ಬಗ್ಗೆ ಗೀಳು ಬಂತು ಅಂತ ತಾಯ್ತನವೇ ಕಾಯಿಲೆ ಅನ್ನುತ್ತೇವಾ?

ಇನ್ನೊಂದು, ಫ್ರಾಯ್ಡ್‌ನ ತುಂಬ ಹತ್ತಿರದ ಸ್ನೇಹಿತರಲ್ಲಿ ಒಬ್ಬರು ಸ್ವಿಟ್ಜರ್ಲೆಂಡಿನ ಪಾಸ್ಟರ್, ಆಸ್ಕರ್ ಫಿಸ್ಟರ್. 1909ರಲ್ಲಿ ಶುರುವಾದ ಪತ್ರವ್ಯವಹಾರ ಫ್ರಾಯ್ಡ್ ಸಾಯುವ 1939ರವರೆಗೂ ಇತ್ತು. ಮನೋವಿಶ್ಲೇಷಣೆ ತಾನಾಗಿ ಧರ್ಮದ ಪರವೂ ಅಲ್ಲ ವಿರೋಧವೂ ಅಲ್ಲ, ಯಾರು ಬೇಕಾದರೂ ಬಳಸಬಹುದಾದ ಸಲಕರಣೆ ಅಂತ ಫ್ರಾಯ್ಡ್‌ನೇ ಆ ಪಾಸ್ಟರ್‌ಗೆ ಬರೆದಿದ್ದಾನೆ. 1927ರಲ್ಲಿ ಧರ್ಮ ಒಂದು ಭ್ರಮೆ ಅಂತ ಪುಸ್ತಕ ಬರೆದಾಗ ಫಿಸ್ಟರ್ ಮರುವರ್ಷವೇ ಉತ್ತರ ಬರೆದರು. ಅದು ಅಚ್ಚಾದದ್ದು ಫ್ರಾಯ್ಡ್‌ನದೇ ಪತ್ರಿಕೆಯಲ್ಲಿ. ಈಗಿನ ಕಾಲದಲ್ಲಿ ಇಂಥ ಜಗಳ ನಡೆದಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿರುತ್ತಿದ್ದರು.

ಒಂದು ನಂಬಿಕೆ ಮನಸ್ಸಿನಲ್ಲಿ ಹೇಗೆ ಹುಟ್ಟಿತು ಅಂತ ವಿವರಿಸಿದ ಮಾತ್ರಕ್ಕೆ ಅದು ಸುಳ್ಳು ಅಂತ ಆಗುವುದಿಲ್ಲ, ನಿಜ ಅಂತಲೂ ಆಗುವುದಿಲ್ಲ. 2006ರಲ್ಲಿ ಕೆನಡಾದಲ್ಲಿ ಕಾರ್ಮೆಲ್ ಅನ್ನುವ ಕಥೋಲಿಕ ಸಭೆಯ 15 ಮಂದಿ ಸನ್ಯಾಸಿನಿಯರ ಮಿದುಳನ್ನು ಸ್ಕ್ಯಾನ್ ಮಾಡಿದರು, ದೇವರ ಜೊತೆ ಒಂದಾದ ಅನುಭವವನ್ನು ನೆನಪು ಮಾಡಿಕೊಳ್ಳಿ ಅಂತ ಹೇಳಿ. ಮಿದುಳಿನ ಹಲವು ಭಾಗ ಒಟ್ಟಿಗೆ ಚುರುಕಾದವು, "ದೇವರ ಜಾಗ" ಅಂತ ಒಂದು ಕಡೆ ಏನೂ ಸಿಗಲಿಲ್ಲ. ಸಿಕ್ಕಿದ್ದರೂ ಏನಾಗುತ್ತಿತ್ತು? ಮರ ನೋಡುವಾಗಲೂ ಮಿದುಳಿನಲ್ಲಿ ಏನೋ ನಡೆಯುತ್ತದೆ. ಮರ ಇದೆಯೋ ಇಲ್ಲವೋ ಅಂತ ಸ್ಕ್ಯಾನ್ ಹೇಳುವುದಿಲ್ಲ.

ಸುಮ್ನೆಓದೋನು

ಸರಿ, ಹಾಗಾದರೆ ಮಿದುಳು ಬಿಡಿ, ಫಲಿತಾಂಶ ನೋಡೋಣ. 2006ರಲ್ಲೇ ಅಮೆರಿಕದಲ್ಲಿ ಹೃದಯದ ಬೈಪಾಸ್ ಆಪರೇಷನ್ ಆದ 1802 ರೋಗಿಗಳ ಮೇಲೆ ದೊಡ್ಡ ಅಧ್ಯಯನ ಬಂತು. ಯಾರಿಗೋ ಪ್ರಾರ್ಥನೆ ಮಾಡಿಸಿದರು, ಯಾರಿಗೋ ಇಲ್ಲ. ಪ್ರಾರ್ಥನೆ ಇದೆಯೋ ಇಲ್ಲವೋ ಗೊತ್ತಿಲ್ಲದವರಲ್ಲಿ, ಪ್ರಾರ್ಥನೆ ಇದ್ದವರಿಗೆ ತೊಡಕು ಶೇ. 52, ಇಲ್ಲದವರಿಗೆ ಶೇ. 51. ಖಂಡಿತ ಪ್ರಾರ್ಥನೆ ಮಾಡುತ್ತಾರೆ ಅಂತ ಗೊತ್ತಿದ್ದವರಿಗೆ ಶೇ. 59! ಈ ಲೆಕ್ಕದಲ್ಲಿ ಪ್ರಾರ್ಥನೆ ಮಾಡಿಸದಿರುವುದೇ ವಾಸಿ.

ಸಾಸಿವೆಕಾಳು

ದೇವರೇನು ಪ್ರಯೋಗಶಾಲೆಯ ಇಲಿಯಾ? ನಿನ್ನ ದೇವರಾದ ಕರ್ತನನ್ನು ಪರೀಕ್ಷಿಸಬಾರದು ಅಂತ ಯೇಸುವೇ ಹೇಳಿದ್ದಾರೆ.

ಮೇಣದಬತ್ತಿ

ಅಕ್ಕಾ, ಆ ವಚನ ನನಗೂ ಇಷ್ಟ. ಆದರೆ ಫಲಿತಾಂಶ ನಮ್ಮ ಪರ ಬಂದಿದ್ದರೆ ಮುಂದಿನ ಭಾನುವಾರವೇ ಚರ್ಚಿನ ಎಲ್ಲಾ ಪ್ರಸಂಗಗಳಲ್ಲೂ, ಅಂದರೆ ಬೋಧನೆಗಳಲ್ಲೂ, ಅದು ಇರುತ್ತಿತ್ತು. ಸೋತ ಮೇಲೆ ಮಾತ್ರ ಆಟವೇ ಸರಿಯಿಲ್ಲ ಅನ್ನಬಾರದು. ಪರೀಕ್ಷೆಗೆ ಸಿಗುವುದಿಲ್ಲ ಅನ್ನುವುದಾದರೆ ಗೆದ್ದಾಗಲೂ ಹಾಗೇ ಹೇಳಬೇಕು.

ಈ ವಿಷಯದಲ್ಲಿ ನನಗೆ ಮಾದರಿ ಜಾರ್ಜ್ ಲೆಮೆತ್ರ್. ಬೆಲ್ಜಿಯಂನ ಕಥೋಲಿಕ ಗುರು, ಭೌತವಿಜ್ಞಾನಿ. ಈಗ ನಾವು ಬಿಗ್ ಬ್ಯಾಂಗ್ ಅನ್ನುವ ಸಿದ್ಧಾಂತಕ್ಕೆ 1927 ಮತ್ತು 1931ರ ಬರಹಗಳಲ್ಲಿ ಅಡಿಪಾಯ ಹಾಕಿದವರು. 1951ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಒಂದು ಭಾಷಣದಲ್ಲಿ ವಿಜ್ಞಾನವೇ ಈಗ ಸೃಷ್ಟಿಗೆ ಸಾಕ್ಷಿ ಹೇಳುತ್ತಿದೆ ಅನ್ನುವ ಹಾಗೆ ಮಾತಾಡಿದರು. ಬೇರೆ ಯಾರಾದರೂ ಆಗಿದ್ದರೆ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದರು. ಲೆಮೆತ್ರ್‌ಗೆ ಕಸಿವಿಸಿ ಆಯಿತು. ತನ್ನ ಸಿದ್ಧಾಂತ ಭೌತವಿಜ್ಞಾನ, ಅದನ್ನು ನಂಬಿಕೆಗೆ ಊರುಗೋಲು ಮಾಡಬೇಡಿ ಅನ್ನುವುದು ಅವರ ನಿಲುವು.

ಶೇ. 59ರ ಬಗ್ಗೆ ನೀಲಿಶಾಯಿ ಏನನ್ನುತ್ತೀರಿ?

ನೀಲಿಶಾಯಿ

ಅದು ಆಕಸ್ಮಿಕವೂ ಇರಬಹುದು, ಸಂಶೋಧಕರೇ ಹಾಗೆ ಹೇಳಿದ್ದಾರೆ. "ನನಗೆ ಪ್ರಾರ್ಥನೆ ಮಾಡಿಸುತ್ತಿದ್ದಾರೆ ಅಂದರೆ ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯಾ?" ಅನ್ನುವ ಆತಂಕ ಅಂತ ಒಂದು ಊಹೆ. ಇನ್ನೊಂದು ಅಧ್ಯಯನ ಈ ಚರ್ಚೆಗೆ ಇನ್ನೂ ಹತ್ತಿರ ಇದೆ. ಕೆನೆತ್ ಪಾರ್ಗಮೆಂಟ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ್ದು, ಕಾಯಿಲೆ ಬಿದ್ದ 596 ಮಂದಿ ವಯಸ್ಸಾದವರ ಮೇಲೆ. ದೇವರು ತಮ್ಮನ್ನು ಕೈಬಿಟ್ಟಿದ್ದಾನೆ, ದೇವರಿಗೆ ತಮ್ಮ ಮೇಲೆ ಪ್ರೀತಿ ಇಲ್ಲ ಅಂತ ಒದ್ದಾಡುತ್ತಿದ್ದವರು ಎರಡು ವರ್ಷದೊಳಗೆ ಸಾಯುವ ಸಂಭವ ಉಳಿದವರಿಗಿಂತ ಜಾಸ್ತಿ ಇತ್ತು. ಧರ್ಮ ಒಳ್ಳೆಯದಾ ಕೆಟ್ಟದ್ದಾ ಅಂತ ಒಟ್ಟಾಗಿ ಕೇಳುವುದರಿಂದ ಏನೂ ಸಿಗುವುದಿಲ್ಲ. ಆ ಮನುಷ್ಯನ ಒಳಗೆ ಎಂಥ ದೇವರು ಕೂತಿದ್ದಾನೆ ಅಂತ ಕೇಳಬೇಕು.

ಕೀರ್ತನೆ88

ಇಷ್ಟು ಹೊತ್ತು ಓದುತ್ತಿದ್ದೆ. ನನಗೆ ಇದು ಇತ್ತು, ಈಗಲೂ ಸ್ವಲ್ಪ ಇದೆ. ಅರೆನಿದ್ದೆ, ನಿಮ್ಮ ಗೆಳತಿ ಏನು ಅನುಭವಿಸುತ್ತಿದ್ದಾಳೆ ಅಂತ ನನಗೆ ಗೊತ್ತು.

ಹೊರಗಿನವರಿಗೆ ಭಕ್ತಿ ಕಾಣುತ್ತದೆ, ಒಳಗಡೆ ಇರುವುದು ಕೋರ್ಟು. ನಾನೇ ಆರೋಪಿ, ನಾನೇ ವಕೀಲ, ತೀರ್ಪು ಮಾತ್ರ ಎಂದೂ ಬರುವುದಿಲ್ಲ. ದೇವರ ಬಗ್ಗೆ ಪ್ರೀತಿ ಇಟ್ಟುಕೊಳ್ಳಲು ಟೈಮೇ ಇರುತ್ತಿರಲಿಲ್ಲ ನನಗೆ, ಎಲ್ಲಾ ಟೈಮೂ ನನ್ನನ್ನು ನಾನು ಪರೀಕ್ಷಿಸುವುದರಲ್ಲೇ ಹೋಗುತ್ತಿತ್ತು. ನನ್ನ ಸಭೆಯ ಹಿರಿಯರೊಬ್ಬರು ನಿನ್ನಲ್ಲಿ ಗುಟ್ಟಾದ ಪಾಪ ಇರಬೇಕು, ಹುಡುಕು ಅಂದರು. ಹುಡುಕುವುದೇ ನನ್ನ ಕಾಯಿಲೆ ಆಗಿದ್ದಾಗ ಇನ್ನೂ ಹುಡುಕು ಅಂದರೆ ಹೇಗಿರಬೇಡ. ಆದರೂ ಅವರು ಕೆಟ್ಟವರಲ್ಲ, ಗೊತ್ತಿರಲಿಲ್ಲ ಅಷ್ಟೇ.

ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳುತ್ತಾರಲ್ಲ, ಪಾಪ ಮಾಡಿದವರು ಯಾರು, ಇವನಾ ಇವನ ತಂದೆತಾಯಿಯಾ ಅಂತ. ಯೋಹಾನ 9. ಇವನೂ ಅಲ್ಲ, ತಂದೆತಾಯಿಯೂ ಅಲ್ಲ ಅಂತ ಯೇಸುವಿನ ಉತ್ತರ. ಇದನ್ನು ಕಣ್ಣಿಗೆ ಒಪ್ಪುತ್ತೇವೆ, ತಲೆಗೆ ಯಾಕೆ ಒಪ್ಪುವುದಿಲ್ಲ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಸಾಸಿವೆಕಾಳು

ಕೀರ್ತನೆ88, ನೀವು ಬರೆದದ್ದು ಓದಿ ಮನಸ್ಸು ಭಾರ ಆಯಿತು. ಆದರೆ ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಈ ಚಿಕಿತ್ಸೆಯಲ್ಲಿ ಭಯ ಹುಟ್ಟಿಸುವ ವಿಷಯಕ್ಕೆ ಬೇಕಂತಲೇ ಎದುರು ನಿಲ್ಲಿಸುತ್ತಾರೆ ಅಂತ ಕೇಳಿದ್ದೇನೆ. ಹಾಗಾದರೆ ದೇವದೂಷಣೆ ಮಾಡಿಸುತ್ತಾರಾ? ಸತ್ಯವೇದದ ಮೇಲೆ ಕಾಲಿಡು ಅನ್ನುತ್ತಾರಾ? ಹಾಗಿದ್ದರೆ ನನ್ನ ಮಗಳನ್ನಂತೂ ಕಳಿಸುವುದಿಲ್ಲ.

ನೀಲಿಶಾಯಿ

ಬಹಳ ಒಳ್ಳೆಯ ಪ್ರಶ್ನೆ ಅಮ್ಮಾ. ಮೊದಲಿಗೆ ನಿಮ್ಮ ಭಯಕ್ಕೆ ಬರುತ್ತೇನೆ ಅಂದಿದ್ದೆನಲ್ಲ, ಅದೂ ಇಲ್ಲೇ ಬರುತ್ತದೆ.

ಈ ಚಿಕಿತ್ಸೆಯ ಬೇರು 1966ರಲ್ಲಿ ಲಂಡನ್‌ನ ವಿಕ್ಟರ್ ಮೇಯರ್ ಮಾಡಿದ ಕೆಲಸದಲ್ಲಿದೆ. ಅದಕ್ಕೂ ಮೊದಲು ಗೀಳಿಗೆ ಹೇಳಿಕೊಳ್ಳುವಂಥ ಮದ್ದೇ ಇರಲಿಲ್ಲ. ಸೂತ್ರ ಇಷ್ಟೇ: ಭಯ ಬರುವ ಸನ್ನಿವೇಶಕ್ಕೆ ಮೆಲ್ಲಗೆ ಹೋಗುವುದು, ಆಮೇಲೆ ಭಯ ಇಳಿಸುವ ಆಚರಣೆಯನ್ನು ಮಾಡದೆ ತಡೆದುಕೊಳ್ಳುವುದು. ಭಯ ತಾನಾಗಿ ಇಳಿಯುತ್ತದೆ, ಇಳಿಯದಿದ್ದರೂ ಅದರ ಜೊತೆ ಇರಲು ಆಗುತ್ತದೆ ಅಂತ ಮಿದುಳು ಕಲಿಯುತ್ತದೆ.

ಧರ್ಮದ ಗೀಳಿನಲ್ಲಿ ಇದರ ಅರ್ಥ ದೇವದೂಷಣೆ ಮಾಡು ಅಂತಲ್ಲ. ಆ ನಂಬಿಕೆಯಲ್ಲಿ ನಿಜವಾಗಿ ಪಾಪ ಅನ್ನಿಸಿಕೊಳ್ಳುವುದನ್ನು ಒಳ್ಳೆಯ ಚಿಕಿತ್ಸಕರು ಮಾಡಿಸುವುದಿಲ್ಲ. ಪಾಪ ಅಲ್ಲದ, ಆದರೆ ಗೀಳು ಪಾಪ ಅನ್ನುವ ಕೆಲಸ ಮಾಡಿಸುತ್ತಾರೆ. ಪ್ರಾರ್ಥನೆಯನ್ನು ಒಂದೇ ಸಲ ಹೇಳು, ನಡುವೆ ಹಾಳು ಯೋಚನೆ ಬಂದರೂ ಹಿಂದೆ ಹೋಗಬೇಡ. ಮಾರ್ಕ 3 ಓದು, ಓದಿ ಮುಚ್ಚಿಡು, ಪಾಸ್ಟರ್‌ಗೆ ಫೋನ್ ಮಾಡಬೇಡ. ಗಡಿ ಎಲ್ಲಿದೆ ಅಂತ ಗೊತ್ತಾಗದಿದ್ದರೆ ರೋಗಿಯ ಒಪ್ಪಿಗೆ ತೆಗೆದುಕೊಂಡು ಅವರ ಪಾಸ್ಟರ್ ಅಥವಾ ಫಾದರ್ ಜೊತೆ ಮಾತಾಡಬಹುದು, ನಾನೂ ಮಾತಾಡಿದ್ದೇನೆ. ನಂಬಿಕೆ ಬಿಡು ಅಂತ ಮೊದಲ ದಿನವೇ ಹೇಳುವ ಚಿಕಿತ್ಸಕರು ಸಿಕ್ಕರೆ ಬೇರೆಯವರನ್ನು ಹುಡುಕಿ, ಧಾರಾಳವಾಗಿ. ಗೀಳನ್ನು ಬಿಟ್ಟು ಭಕ್ತಿಯ ಮೇಲೆ ಕೈ ಹಾಕಿದವರು ಕೆಲಸ ಸರಿಯಾಗಿ ಕಲಿತಿಲ್ಲ.

ಮಾತ್ರೆ ಬೇಕಾಗಬಹುದು, ಬೇಡವಾಗಬಹುದು. ಕೊಟ್ಟರೆ ಓಸಿಡಿಗೆ ಡೋಸ್ ಸಾಮಾನ್ಯವಾಗಿ ಖಿನ್ನತೆಗಿಂತ ಜಾಸ್ತಿ, ಪರಿಣಾಮ ಗೊತ್ತಾಗಲು 8ರಿಂದ 12 ವಾರ ಹಿಡಿಯುತ್ತದೆ. ಎರಡು ವಾರಕ್ಕೆ ಬಿಟ್ಟುಬಿಟ್ಟು "ನೋಡಿ, ಮಾತ್ರೆಯಿಂದ ಏನೂ ಆಗಲಿಲ್ಲ" ಅನ್ನುವವರೇ ಜಾಸ್ತಿ.

ಇನ್ನೊಂದುಕಡೆ

ಹೊಸಬ ನಾನು. ಎಲ್ಲರೂ ಚರ್ಚನ್ನೇ ಬಯ್ಯುತ್ತಿದ್ದೀರಿ, ಇನ್ನೊಂದು ಕಡೆಯೂ ಇದೆ. ಈಗ ಫೋನ್ ತೆಗೆದರೆ ಅರ್ಧ ನಿಮಿಷದ ವಿಡಿಯೋಗಳಲ್ಲಿ ಎಲ್ಲರಿಗೂ ಟ್ರಾಮಾ, ಎಲ್ಲರಿಗೂ ಓಸಿಡಿ. ಮೇಜು ಒಪ್ಪವಾಗಿಟ್ಟುಕೊಂಡರೆ ಓಸಿಡಿ. ತಪ್ಪು ಮಾಡಿದವನಿಗೂ ನಿನ್ನನ್ನು ನೀನು ಕ್ಷಮಿಸಿಕೋ ಅಂತ ಉಪದೇಶ. ಹೊಡೆಸಿಕೊಂಡವನ ಹತ್ತಿರ ಕ್ಷಮೆ ಕೇಳುವುದು ಎಲ್ಲಿ ಹೋಯಿತು? ಪಾಪಪ್ರಜ್ಞೆ ಅನ್ನುವುದೇ ಕಾಯಿಲೆ ಅಂತ ಆದರೆ, ನಿಜವಾಗಿ ಕೆಟ್ಟದ್ದು ಮಾಡಿದವನು ಆರಾಮಾಗಿ ಇದ್ದುಬಿಡುತ್ತಾನೆ. ವಿಜ್ಞಾನದ ಹೆಸರಿನಲ್ಲಿ ಏನು ಹೇಳಿದರೂ ನಂಬುವ ಜನ, ಪಾಸ್ಟರ್ ಹೇಳಿದ್ದನ್ನು ನಂಬುವವರನ್ನು ನೋಡಿ ನಗುತ್ತಾರೆ.

ನೀಲಿಶಾಯಿ

ಒಪ್ಪುತ್ತೇನೆ, ನಿಜವಾಗಿ. "ಮಿದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಕಡಿಮೆ, ಅದಕ್ಕೇ ಖಿನ್ನತೆ" ಅಂತ ಎಷ್ಟು ವರ್ಷ ಹೇಳಿಕೊಂಡು ಬಂದರು. 2022ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಒಂದು ದೊಡ್ಡ ಪರಿಶೀಲನೆಯಲ್ಲಿ ಅದಕ್ಕೆ ಗಟ್ಟಿ ಆಧಾರ ಕಾಣಲಿಲ್ಲ. ಮಾತ್ರೆ ಕೆಲಸ ಮಾಡುವುದಿಲ್ಲ ಅಂತ ಇದರ ಅರ್ಥ ಅಲ್ಲ, ಯಾಕೆ ಮಾಡುತ್ತದೆ ಅನ್ನುವ ಆ ಸುಲಭದ ಕಥೆ ನಿಲ್ಲಲಿಲ್ಲ. ನಮ್ಮವರೂ ಪ್ರಸಂಗ ಮಾಡುತ್ತಾರೆ, ಬಟ್ಟೆ ಬೇರೆ ಅಷ್ಟೇ.

ನಿಜವಾದ ಪಾಪಪ್ರಜ್ಞೆಯನ್ನೂ ಗೀಳನ್ನೂ ಬೇರೆ ಮಾಡಿ ನೋಡಲು ಬರಬೇಕು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನನ್ನು ನೋಡಿ, ಲೂಕ 19. ಯಾರಿಗೆ ಮೋಸ ಮಾಡಿದ್ದೇನೆ ಅಂತ ಅವನಿಗೆ ಗೊತ್ತು. ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅನ್ನುತ್ತಾನೆ. ಅಲ್ಲಿ ಒಬ್ಬ ನೊಂದವನಿದ್ದಾನೆ, ಸರಿ ಮಾಡುವ ದಾರಿ ಇದೆ, ಸರಿ ಮಾಡಿದ ಮೇಲೆ ಊಟಕ್ಕೆ ಕೂರುವ ಸಂತೋಷ ಇದೆ. ಗೀಳಿನಲ್ಲಿ ನೊಂದವರು ಯಾರೂ ಇರುವುದಿಲ್ಲ, "ಒಂದು ವೇಳೆ ಮಾಡಿದ್ದರೆ" ಅನ್ನುವುದು ಮಾತ್ರ ಇರುತ್ತದೆ. ಏನು ಮಾಡಿದರೂ ಸಾಲುವುದಿಲ್ಲ.

ಮೇಣದಬತ್ತಿ

ಆ ಮಾರ್ಕ 3ರ ಸಂದರ್ಭವನ್ನೂ ಹೇಳಿಬಿಡುತ್ತೇನೆ. ಯೇಸು ಒಳ್ಳೆಯದು ಮಾಡುವುದನ್ನು ಕಣ್ಣೆದುರು ನೋಡಿಯೂ, ಇದು ದೆವ್ವಗಳ ಒಡೆಯನ ಕೆಲಸ ಅಂತ ಶಾಸ್ತ್ರಿಗಳು ಜನರೆದುರು ಸಾಧಿಸುತ್ತಿದ್ದರು. ಆ ಮಾತು ಬಂದದ್ದು ಅವರಿಗೆ. ಅವರಲ್ಲಿ ಯಾರೂ ನಾನು ಆ ಪಾಪ ಮಾಡಿದೆನಾ ಅಂತ ಅಳುತ್ತಿರಲಿಲ್ಲ. ಆ ಪಾಪ ಮಾಡಿದೆನೇನೋ ಅಂತ ಭಯಪಡುವವರು ಅದನ್ನು ಮಾಡಿಲ್ಲ ಅನ್ನುವುದಕ್ಕೆ ಆ ಭಯವೇ ಗುರುತು ಅಂತ ಹಳೆಯ ಗುರುಗಳಿಂದ ಇವತ್ತಿನವರೆಗೆ ತುಂಬ ಜನ ಹೇಳಿದ್ದಾರೆ.

ಕೀರ್ತನೆ88

ಇದು ನಿಜ, ಆದರೆ ಎಚ್ಚರ. ನನಗೂ ಇದನ್ನೇ ಹೇಳಿದ್ದರು. ಒಂದು ದಿನ ಹಾಯಾಗಿದ್ದೆ. ಮಾರನೆಯ ದಿನ "ಇವತ್ತು ಮೊದಲಿನಷ್ಟು ಭಯ ಆಗುತ್ತಿಲ್ಲ, ಹಾಗಾದರೆ ನಿಜವಾಗಿ ಮಾಡಿಬಿಟ್ಟೆನಾ?" ಅಂತ ಶುರುವಾಯಿತು! ನಗು ಬರುತ್ತದೆ ಈಗ. ಒಳ್ಳೆಯ ವಾದದಿಂದ ಇದು ಹೋಗುವುದಿಲ್ಲ. ಪ್ರತಿ ಉತ್ತರವನ್ನೂ ಅದು ಹೊಸ ಪ್ರಶ್ನೆ ಮಾಡಿಕೊಳ್ಳುತ್ತದೆ.

ಅರೆನಿದ್ದೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನನಗೆ ಈಗ ಬೇಕಾಗಿರುವುದು ಒಂದೇ. ಅವಳು ಇವತ್ತು ರಾತ್ರಿ ಮತ್ತೆ ಫೋನ್ ಮಾಡುತ್ತಾಳೆ, ಖಂಡಿತ. "ನನಗೆ ಕ್ಷಮೆ ಸಿಕ್ಕಿದೆ ಅಲ್ವಾ?" ಅಂತ ಕೇಳುತ್ತಾಳೆ. ಹೌದು ಅಂದರೆ ಗೀಳಿಗೆ ಮೇವು, ಸುಮ್ಮನಿದ್ದರೆ ಅವಳು ಅಳುತ್ತಾಳೆ. ಏನು ಹೇಳಲಿ?

ನೀಲಿಶಾಯಿ

ಇದ್ದಕ್ಕಿದ್ದ ಹಾಗೆ ಉತ್ತರ ಕೊಡುವುದನ್ನು ನಿಲ್ಲಿಸಬೇಡಿ, ಅದು ಶಿಕ್ಷೆ ಅನ್ನಿಸುತ್ತದೆ. ಮೊದಲು ಅವಳ ಜೊತೆ ಬಿಡುವಾಗಿ ಮಾತಾಡಿ. "ನಾನು ಪ್ರತಿ ಸಲ ಹೌದು ಅನ್ನುವುದರಿಂದ ನಿನಗೆ ಇನ್ನೂ ಕಷ್ಟ ಆಗುತ್ತಿದೆಯೇನೋ ಅನ್ನಿಸುತ್ತಿದೆ, ಇದಕ್ಕೆ ಇಬ್ಬರೂ ಒಟ್ಟಿಗೆ ಸಹಾಯ ಕೇಳೋಣವಾ?" ಅಂತ. ಡಾಕ್ಟರ್‌ ಹತ್ತಿರ ಹೋಗಲು ಒಪ್ಪಿದರೆ ನೀವೇ ಜೊತೆಗೆ ಹೋಗಿ. ಉತ್ತರ ಕೊಡದೆ ಇರುವುದನ್ನು ಹೇಗೆ ಹೆಜ್ಜೆ ಹೆಜ್ಜೆಯಾಗಿ ಮಾಡುವುದು ಅಂತ ಚಿಕಿತ್ಸಕರು, ಅವಳು, ನೀವು, ಪಾಸ್ಟರ್ ಕೂತು ಒಂದು ಮಾತಿಗೆ ಬನ್ನಿ. ಪಾಸ್ಟರ್ ಒಂದು ಹೇಳಿ ನೀವು ಇನ್ನೊಂದು ಹೇಳಿದರೆ ಗೀಳು ಆ ಸಂದಿಯಲ್ಲೇ ನುಗ್ಗುತ್ತದೆ.

ಸಾಯುವ ಮಾತು ಏನಾದರೂ ಬಂದರೆ ಈ ಯಾವ ಲೆಕ್ಕವೂ ಬೇಡ. ಆಗ ಅವಳನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೀರ್ತನೆ88

ಇವತ್ತು ರಾತ್ರಿಗೆ: ನನ್ನ ಗೆಳೆಯ ನನಗೆ ಹೇಳುತ್ತಿದ್ದದ್ದು, "ಇದು ಆ ಗೀಳಿನ ಪ್ರಶ್ನೆ ಅನ್ನಿಸುತ್ತಿದೆ. ಇದಕ್ಕೆ ಉತ್ತರ ಕೊಡುವುದಿಲ್ಲ, ಆದರೆ ಫೋನ್ ಇಡುವುದಿಲ್ಲ. ಊಟ ಆಯಿತಾ? ನಿದ್ದೆ ಮಾಡಿದೆಯಾ?" ಪ್ರವಾದಿ ಎಲೀಯನಿಗೆ "ಸಾಕು ದೇವರೇ, ಜೀವ ತೆಗೆದುಕೋ" ಅನ್ನಿಸಿದಾಗ ದೇವದೂತ ಮಾಡಿದ್ದೂ ಅದನ್ನೇ ಅಲ್ವಾ, 1 ಅರಸುಗಳು 19. ತಿನ್ನಲು ಕೊಟ್ಟ, ಮಲಗಲು ಬಿಟ್ಟ, ಮತ್ತೆ ತಿನ್ನಲು ಕೊಟ್ಟ. ಪ್ರಸಂಗ ಮಾಡಲಿಲ್ಲ.

ಮೊದಲ ಕೆಲವು ಸಲ ಅವಳಿಗೆ ನಿಮ್ಮ ಮೇಲೆ ಕೋಪ ಬರುತ್ತದೆ. ಬರಲಿ.

ಸಾಸಿವೆಕಾಳು

ನಾನು ಪೂರ್ತಿ ಒಪ್ಪಿಲ್ಲ, ಹೇಳಿಬಿಡುತ್ತೇನೆ. ಪ್ರಾರ್ಥನೆ ಕಡಿಮೆ ಮಾಡು ಅಂತ ಒಬ್ಬಳಿಗೆ ಹೇಳಲು ನನ್ನ ಬಾಯಿ ಏಳುವುದಿಲ್ಲ. ಆದರೆ ಉಪವಾಸ ಬಿಡಿಸಿ, ಅದಂತೂ ಬೇಡ. ಮತ್ತೆ ನಿಮ್ಮ ಹಿರಿಯರಿಗೆ ಆ ಇಗ್ನೇಷಿಯಸ್ ಗುರುವಿನ ಕಥೆ ಹೇಳಿ ನೋಡಿ. ಡಾಕ್ಟರ್ ಹೇಳಿದರೆ ಕೇಳದವರು ಅದನ್ನಾದರೂ ಕೇಳಬಹುದು.

ಸುಮ್ನೆಓದೋನು

ಹಿರಿಯರು ಪ್ರೊಟೆಸ್ಟಂಟ್ ಆಗಿದ್ದರೆ ಬನ್ಯನ್ ಕಥೆ ಹೇಳಿ, ಇಗ್ನೇಷಿಯಸ್ ಅಂದರೆ ಹೊಸ ಜಗಳ ಶುರು ಆಗುತ್ತದೆ.